ಜೇನುಮೇಣ, ರೇಷ್ಮೆಯಂಟು, ಲಿಪ್‌ಸ್ಟಿಕ್ಕಿನ ಕೆಂಪು: ಓದುಗರ ಪ್ರಶ್ನೆಗಳಿಗೆ ಚರ್ಮವೈದ್ಯರ ಉತ್ತರ

ಹಿಂದಿನ ಸಂಚಿಕೆಯಲ್ಲಿ ತುಟಿ ಒಡೆಯುವ ತೊಂದರೆಯ ಬಗ್ಗೆ ಬರೆಯುತ್ತ, ಕೆಲವು ಲಿಪ್‌ಸ್ಟಿಕ್‌ಗಳ ಕೆಂಪು ಬಣ್ಣ ಕೀಟದಿಂದ ಬರುತ್ತದೆ ಎಂಬ ಒಂದು ಸಾಲನ್ನು ಸೇರಿಸಿದ್ದೆ. ಲೇಖನದ ಉಳಿದ ಭಾಗವನ್ನೆಲ್ಲ ಬದಿಗಿಟ್ಟು ಆ ಒಂದೇ ಸಾಲನ್ನು ಹಿಡಿದು ಓದುಗರು ಪತ್ರ ಬರೆದಿದ್ದಾರೆ. ಕೆಲವರಿಗೆ ಅಸಹ್ಯವಾಗಿದೆ, ಕೆಲವರಿಗೆ ಭಯವಾಗಿದೆ, ಇನ್ನು ಕೆಲವರು ಜೇನು ಮತ್ತು ರೇಷ್ಮೆಯ ಹೆಸರಿನಲ್ಲಿ ಮಾರುವ ಕ್ರೀಮುಗಳಿಗೆ ಈಗಾಗಲೇ ಸಾಕಷ್ಟು ಹಣ ಕೊಟ್ಟಿದ್ದಾರೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಕೀಟಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾವು ಜೈನರು. ಮಗಳ ಮದುವೆಗೆಂದು ಕೊಂಡ ಲಿಪ್‌ಸ್ಟಿಕ್ಕಿನ ಡಬ್ಬಿಯ ಮೇಲೆ ‘ಸಿ.ಐ. 75470’ ಎಂದು ಅಚ್ಚಾಗಿದೆ. ಕೀಟ ಎಂಬ ಮಾತು ಎಲ್ಲಿಯೂ ಇಲ್ಲ. ಇದು ನೀವು ಬರೆದ ಬಣ್ಣವೇ? ಹೌದಾದರೆ ಹಾಕಿಕೊಂಡವರ ಆರೋಗ್ಯಕ್ಕೆ ಅಪಾಯವಿದೆಯೇ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಆ ಸಂಖ್ಯೆ ಕಾರ್ಮೈನ್ ಎಂಬ ಬಣ್ಣದ್ದು. ಪಾಪಾಸುಕಳ್ಳಿಯ ಮೇಲೆ ಬಿಳಿ ಬೂಷ್ಟಿನಂತೆ ಅಂಟಿಕೊಂಡು ರಸ ಹೀರಿ ಬದುಕುವ ಕಾಚಿನೀಲ್ ಎಂಬ ಸಣ್ಣ ಕೀಟವನ್ನು, ಅದರಲ್ಲಿಯೂ ಹೆಣ್ಣು ಕೀಟವನ್ನು, ಒಣಗಿಸಿ ಈ ಬಣ್ಣವನ್ನು ತೆಗೆಯುತ್ತಾರೆ. ಒಣಗಿದ ಕೀಟದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಕಾರ್ಮಿನಿಕ್ ಆಮ್ಲವೇ ಇರುತ್ತದೆ. ಅದನ್ನು ಅಲ್ಯೂಮಿನಿಯಂ ಮತ್ತು ಕ್ಯಾಲ್ಸಿಯಂ ಲವಣಗಳೊಂದಿಗೆ ಬೆಸೆದರೆ ನೀರಿನಲ್ಲಿ ಸುಲಭವಾಗಿ ಕರಗದ, ಬಿಸಿಲಿಗೂ ಬಿಸಿಗೂ ಬೇಗ ಮಾಸದ ಕಡುಗೆಂಪು ಪುಡಿ ಸಿಗುತ್ತದೆ. ಅರ್ಧ ಕಿಲೋಗೆ ತುಸು ಕಡಿಮೆ ತೂಗುವ ಒಣ ಕೀಟಕ್ಕೆ ಸುಮಾರು 70,000 ಜೀವಗಳು ಬೇಕೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಇಂದು ಇದರ ಅತಿ ದೊಡ್ಡ ಉತ್ಪಾದಕ ದೇಶ ದಕ್ಷಿಣ ಅಮೆರಿಕದ ಪೆರು.

ಈ ಕೀಟಕ್ಕೂ ನಮ್ಮ ನಾಡಿಗೂ ಒಂದು ಹಳೆಯ ನಂಟಿದೆ. ಸ್ಪೇನಿನವರ ಕೈಯಲ್ಲಿದ್ದ ಈ ಲಾಭದ ವ್ಯಾಪಾರವನ್ನು ಮುರಿಯಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲ್‌ನಿಂದ ಕಾಚಿನೀಲ್ ಎಂದುಕೊಂಡು ಕೀಟಗಳನ್ನು ಭಾರತಕ್ಕೆ ತರಿಸಿತು. ಬಂದದ್ದು ಬೇರೆಯ ಜಾತಿಯಾಗಿತ್ತು. ಅದರ ಬಣ್ಣ ಮಾರುಕಟ್ಟೆಗೆ ಸಲ್ಲದಷ್ಟು ಕಳಪೆಯಾಗಿದ್ದರೂ ಹಸಿವೆ ಮಾತ್ರ ಕಳಪೆಯಾಗಿರಲಿಲ್ಲ: ಅದು ಪಾಪಾಸುಕಳ್ಳಿಯ ಪೊದೆಗಳನ್ನು ತಿಂದು ಬರಿದುಮಾಡಿತು. ಕೀಟವನ್ನು ಬಳಸಿ ಕಳೆಯನ್ನು ನಿಯಂತ್ರಿಸಬಹುದು ಎಂಬುದನ್ನು ಜಗತ್ತು ಮೊದಲು ಕಂಡದ್ದು ಹೀಗೆ, ಬಣ್ಣದ ಆಸೆಯಲ್ಲಿ ಮಾಡಿದ ಒಂದು ತಪ್ಪಿನಿಂದ.

ಇನ್ನು ಆರೋಗ್ಯದ ಮಾತು. ಕಾರ್ಮೈನ್ ವಿಷವಲ್ಲ, ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಬಣ್ಣವನ್ನು ಎಷ್ಟೇ ಶುದ್ಧಗೊಳಿಸಿದರೂ ಕೀಟದ ಪ್ರೋಟೀನಿನ ಲೇಶ ಅದರಲ್ಲಿ ಉಳಿಯಬಹುದು, ಮತ್ತು ಆ ಪ್ರೋಟೀನಿಗೆ ಒಗ್ಗದ ದೇಹಪ್ರಕೃತಿಯ ಕೆಲವರಿಗೆ ತುಟಿ ಊದುವುದು, ಮೈಮೇಲೆ ಗಂಧೆ ಏಳುವುದು, ಅಪರೂಪಕ್ಕೆ ಉಸಿರು ಕಟ್ಟುವುದು ಕಂಡುಬಂದಿದೆ. ಲಿಪ್‌ಸ್ಟಿಕ್ಕನ್ನು ನಾವು ಹಚ್ಚುವುದಷ್ಟೇ ಅಲ್ಲ, ಊಟದೊಂದಿಗೆ ಸ್ವಲ್ಪ ಸ್ವಲ್ಪವಾಗಿ ನುಂಗುತ್ತೇವೆ ಎಂಬುದನ್ನು ಮರೆಯಬಾರದು. ಇಂಥ ಪ್ರಕರಣಗಳ ಕಾರಣದಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಒಂದು ನಿಯಮ ಹೊರಡಿಸಿತು. 2011ರ ಜನವರಿಯಿಂದ ಅಲ್ಲಿ ಮಾರುವ ಆಹಾರ ಮತ್ತು ಪ್ರಸಾಧನಗಳ ಮೇಲೆ ಕಾರ್ಮೈನ್ ಅಥವಾ ಕಾಚಿನೀಲ್ ಎಂಬ ಹೆಸರನ್ನು ಬಿಡಿಸಿ ಬರೆಯುವುದು ಕಡ್ಡಾಯವಾಯಿತು.

ಧರ್ಮದ ದೃಷ್ಟಿಯಿಂದ ಅದನ್ನು ಬಳಸಬೇಕೇ ಎಂದು ಹೇಳಲು ನಾನು ಯಾರೂ ಅಲ್ಲ. ಬೇಡವೆನ್ನುವುದಾದರೆ ಹುಡುಕಬೇಕಾದ ಹೆಸರುಗಳು ಇವು: ಕಾರ್ಮೈನ್, ಕಾಚಿನೀಲ್, ನ್ಯಾಚುರಲ್ ರೆಡ್ 4, ಸಿ.ಐ. 75470, ತಿನಿಸುಗಳ ಮೇಲಾದರೆ ಇ 120. ‘ನೈಸರ್ಗಿಕ ಬಣ್ಣ’ ಎಂಬ ಮಾತನ್ನು ನೆಚ್ಚಬೇಡಿ, ಏಕೆಂದರೆ ಕಾರ್ಮೈನ್ ಸಹ ಅಪ್ಪಟ ನೈಸರ್ಗಿಕವೇ. ಹಸಿರು ಚುಕ್ಕೆಯನ್ನೂ ಪೂರ್ತಿ ನೆಚ್ಚುವಂತಿಲ್ಲ. ನಮ್ಮ ಆಹಾರ ನಿಯಮಗಳಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಅರಗನ್ನು ಹೊರಗಿಟ್ಟಿದ್ದಾರೆ. ಎಂದರೆ ಹಸಿರು ಚುಕ್ಕೆ ಇರುವ ತಿನಿಸಿನಲ್ಲಿಯೂ ಕೀಟಮೂಲದ ಪದಾರ್ಥ ಕಾನೂನುಬದ್ಧವಾಗಿಯೇ ಇರಬಹುದು. ಐರನ್ ಆಕ್ಸೈಡ್ ಅಥವಾ ಸಿ.ಐ. 15850ರಂಥ ಕೃತಕ ಬಣ್ಣಗಳಿರುವ ಲಿಪ್‌ಸ್ಟಿಕ್‌ಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿಯೂ ಜೇನುಮೇಣ ಇರುವ ಸಂಭವ ಬಹಳ, ಆದ್ದರಿಂದ ಪಟ್ಟಿಯನ್ನು ಕೊನೆಯವರೆಗೂ ಓದಿ.

ಪ್ರಶ್ನೆ: ನಮ್ಮ ತೋಟದಲ್ಲಿ ತುಡುವೆ ಜೇನಿನ ಹತ್ತು ಪೆಟ್ಟಿಗೆಗಳಿವೆ. ತುಪ್ಪ ತೆಗೆದ ಮೇಲೆ ಉಳಿಯುವ ಮೇಣವನ್ನು ಕೊಬ್ಬರಿ ಎಣ್ಣೆಯೊಂದಿಗೆ ಕಾಯಿಸಿ ಹಿಮ್ಮಡಿ ಒಡೆದಲ್ಲಿ ಹಚ್ಚುವುದು ನಮ್ಮ ಅಜ್ಜಿಯ ಕಾಲದಿಂದ ಬಂದ ರೂಢಿ. ಇದರಲ್ಲಿ ನಿಜವಾಗಿ ಗುಣವಿದೆಯೇ ಅಥವಾ ನಂಬಿಕೆ ಮಾತ್ರವೇ? ಡಬ್ಬಿಗೆ ತುಂಬಿ ಮಾರಬಹುದೇ?
— ಒಬ್ಬ ಕೃಷಿಕರು, ಶಿರಸಿ

ಉತ್ತರ: ಗುಣವಿದೆ. ಅದು ಎಂಥ ಗುಣ ಎಂಬುದನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಮೇಣವು ಒಡೆದ ಚರ್ಮದೊಳಕ್ಕೆ ಇಳಿದು ಅದನ್ನು ಬೆಸೆಯುವುದಿಲ್ಲ. ಅದು ಮೇಲೆ ತೆಳುವಾದ ಪೊರೆಯಾಗಿ ನಿಂತು, ಚರ್ಮದೊಳಗಿನ ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತದೆ. ನೀರು ಉಳಿದರೆ ಚರ್ಮ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ರೋಮಿನ ವೈದ್ಯ ಗ್ಯಾಲೆನ್ ಎರಡನೆಯ ಶತಮಾನದಲ್ಲಿ ಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರನ್ನು ಕೂಡಿಸಿ ಮಾಡಿದನೆನ್ನಲಾಗುವ ಲೇಪವೇ ಇಂದಿನ ಕೋಲ್ಡ್ ಕ್ರೀಮುಗಳ ಮೂಲ. ನಿಮ್ಮ ಅಜ್ಜಿಯದೂ ಅದೇ ತತ್ತ್ವ, ಗುಲಾಬಿ ನೀರು ಒಂದಿಲ್ಲ ಅಷ್ಟೇ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ಎಂದರೆ ನಮ್ಮ ಊರುಗಳಲ್ಲಿ ವರ್ಷದ ಬಹುಪಾಲು ಅದು ನೀರಾಗಿಯೇ ಇರುತ್ತದೆ ಮತ್ತು ಹಚ್ಚಿದ ಸ್ವಲ್ಪ ಹೊತ್ತಿಗೆ ಹಾಸಿಗೆಗೆ ಒರೆಸಿಹೋಗುತ್ತದೆ. ಜೇನುಮೇಣ ಕರಗುವುದು 62 ಡಿಗ್ರಿಯ ಆಚೆಗೆ. ಒಂದು ಭಾಗ ಮೇಣಕ್ಕೆ ನಾಲ್ಕೈದು ಭಾಗ ಎಣ್ಣೆ ಸೇರಿದರೆ ಬೇಸಿಗೆಯಲ್ಲೂ ಹಿಮ್ಮಡಿಯ ಮೇಲೆ ನಿಲ್ಲುವ ಹದ ಬರುತ್ತದೆ. ಮೇಣವನ್ನು ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಿ, ಬಟ್ಟೆಯಲ್ಲಿ ಸೋಸಿ. ಕಾಲನ್ನು ಹತ್ತು ಹದಿನೈದು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಒರೆಸಿ, ಇನ್ನೂ ಪಸೆಯಿರುವಾಗಲೇ ಲೇಪವನ್ನು ಹಚ್ಚಿ ಕಾಲುಚೀಲ ಹಾಕಿಕೊಳ್ಳಬೇಕು. ಒಣ ಹಿಮ್ಮಡಿಗೆ ಹಚ್ಚಿದರೆ ಒಳಗೆ ಉಳಿಸಲು ನೀರೇ ಇರುವುದಿಲ್ಲ, ಲೇಪಕ್ಕೆ ಕೆಲಸವೂ ಇರುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಬಿರುಕು ಆಳವಾಗಿದ್ದರೆ ಅಥವಾ ಕೀವು ಕಂಡರೆ ಮೇಣವನ್ನು ಮುಟ್ಟದೆ ವೈದ್ಯರಿಗೆ ತೋರಿಸಿ; ಸಕ್ಕರೆ ಕಾಯಿಲೆಯವರು ಕಾಲು ನೆನೆಸುವ ಮೊದಲು ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ನೋಡಿಸುವುದು ಒಳ್ಳೆಯದು.

ಅಲರ್ಜಿಯ ವಿಷಯದಲ್ಲಿ ನಿಮ್ಮ ತುಡುವೆ ಜೇನಿಗೆ ಒಂದು ಅನುಕೂಲವಿದೆ. ಜೇನುಮೇಣಕ್ಕೆ ಅಲರ್ಜಿ ಎಂದು ಬರುವವರಲ್ಲಿ ಅನೇಕರಿಗೆ ತೊಂದರೆ ಕೊಡುವುದು ಮೇಣವಲ್ಲ, ಅದರೊಳಗೆ ಬೆರೆತ ಪ್ರೊಪೊಲಿಸ್ ಎಂಬ ಅಂಟು. ಯುರೋಪಿನ ಮೆಲಿಫೆರಾ ಜೇನು ಗೂಡಿನ ಬಿರುಕುಗಳನ್ನು ಮುಚ್ಚಲು ಮರಗಳ ಮೊಗ್ಗಿನಿಂದ ಈ ಅಂಟನ್ನು ಸಂಗ್ರಹಿಸುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲ. ಆದರೂ ಮರಿಗಳು ಬೆಳೆದ ಕಪ್ಪು ರೊಟ್ಟನ್ನು ಬಿಟ್ಟು, ತುಪ್ಪದ ರೊಟ್ಟಿನ ತಿಳಿಹಳದಿ ಮೇಣವನ್ನೇ ಆಯ್ದುಕೊಳ್ಳಿ. ಪೆಟ್ಟಿಗೆಗೆ ನುಸಿಯ ಔಷಧ ಹಾಕಿದ್ದರೆ ಅದು ಕೊಬ್ಬಿನಲ್ಲಿ ಕರಗುವ ಸ್ವಭಾವದ್ದಾಗಿದ್ದು ಮೇಣದಲ್ಲಿ ಶೇಖರವಾಗಿರಬಹುದು, ಅಂಥ ಮೇಣವನ್ನು ಚರ್ಮಕ್ಕೆ ಬಳಸಬೇಡಿ.

ಒಂದು ಮಾತನ್ನು ಹೇಳದೆ ಬಿಟ್ಟರೆ ನಾನು ಪ್ರಾಮಾಣಿಕನಲ್ಲ. ನೀರನ್ನು ತಡೆಹಿಡಿಯುವ ಒಂದೇ ಕೆಲಸಕ್ಕೆ ಹೋಲಿಸಿದರೆ ಔಷಧದಂಗಡಿಯ ಸಾಮಾನ್ಯ ಪೆಟ್ರೋಲಿಯಂ ಜೆಲ್ಲಿ ಜೇನುಮೇಣಕ್ಕಿಂತ ಸಮರ್ಥ, ಅಲರ್ಜಿಯ ಸಂಭವವೂ ಅದರಲ್ಲಿ ತೀರ ಕಡಿಮೆ. ನಿಮ್ಮ ಮನೆಯ ಮೇಣ ಮನೆಗೆ ಸಾಕಷ್ಟು ಒಳ್ಳೆಯದು. ಮಾರುವುದಾದರೆ ಮಾತ್ರ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಯ ಪರವಾನಗಿ ಬೇಕು, ಮತ್ತು ಡಬ್ಬಿಯ ಮೇಲೆ ‘ರೋಗ ಗುಣಪಡಿಸುತ್ತದೆ’ ಎಂದು ಬರೆಯುವಂತಿಲ್ಲ. ಲೇಪಕ್ಕೆ ಲೋಳೆಸರದ ರಸವನ್ನೋ ಗುಲಾಬಿ ನೀರನ್ನೋ ಬೆರೆಸುವ ಆಸೆ ಬಂದರೆ ತಡೆದುಕೊಳ್ಳಿ. ನೀರು ಸೇರಿದ ಕ್ಷಣದಿಂದ ಅದರಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯತೊಡಗುತ್ತವೆ, ಆಮೇಲೆ ಸಂರಕ್ಷಕ ರಾಸಾಯನಿಕವಿಲ್ಲದೆ ಸಾಗುವುದಿಲ್ಲ.

ಪ್ರಶ್ನೆ: ಮೊಡವೆಗೆ ಒಳ್ಳೆಯದೆಂದು ಕೊರಿಯಾದ ಪ್ರೊಪೊಲಿಸ್ ಸೀರಮ್ ತರಿಸಿಕೊಂಡೆ. ಮೊದಲ ಎರಡು ವಾರ ಮುಖ ಚೆನ್ನಾಗಿತ್ತು. ಮೂರನೆಯ ವಾರ ಕೆನ್ನೆ ಮತ್ತು ಕಣ್ಣಿನ ರೆಪ್ಪೆ ಕೆಂಪಾಗಿ ತುರಿಸತೊಡಗಿದವು. ಮೊದಲು ಒಗ್ಗಿದ ವಸ್ತು ಆಮೇಲೆ ಒಗ್ಗದಿರಲು ಸಾಧ್ಯವೇ? ಇದರ ಜೊತೆಗೆ ಬಸವನಹುಳುವಿನ ಲೋಳೆಯ ಕ್ರೀಮನ್ನೂ ಬಳಸುತ್ತಿದ್ದೇನೆ.
— ಇಪ್ಪತ್ತಾರರ ಯುವಕ, ಬೆಂಗಳೂರು

ಉತ್ತರ: ಸಾಧ್ಯ ಮಾತ್ರವಲ್ಲ, ಸ್ಪರ್ಶದಿಂದ ಬರುವ ಅಲರ್ಜಿಯ ರೀತಿಯೇ ಅದು. ಅದು ಮೊದಲ ದಿನ ಬರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಹೊಸ ವಸ್ತುವನ್ನು ಗುರುತಿಟ್ಟುಕೊಳ್ಳಲು ಕೆಲವು ದಿನಗಳಿಂದ ಕೆಲವು ವಾರಗಳು, ಒಮ್ಮೊಮ್ಮೆ ವರ್ಷಗಳೇ ಬೇಕಾಗುತ್ತವೆ. ಗುರುತು ಕೂತ ಮೇಲೆ ಪ್ರತಿ ಸಲ ಹಚ್ಚಿದಾಗಲೂ ಒಂದೆರಡು ದಿನದೊಳಗೆ ಉರಿಯೂತ ಏಳುತ್ತದೆ. ರೆಪ್ಪೆಯ ಚರ್ಮ ಮುಖದಲ್ಲೆಲ್ಲ ಅತಿ ತೆಳುವಾದದ್ದು, ಹೀಗಾಗಿ ಕೆನ್ನೆಗೆ ಹಚ್ಚಿದ್ದರ ಲೆಕ್ಕವನ್ನು ಅದೇ ಮೊದಲು ತೋರಿಸುತ್ತದೆ.

ಕೀಟಗಳ ಮೂಲಕ ನಮ್ಮ ಮುಖಕ್ಕೆ ಬರುವ ಪದಾರ್ಥಗಳಲ್ಲಿ ಸ್ಪರ್ಶದ ಅಲರ್ಜಿಗೆ ಅತಿ ಕುಖ್ಯಾತವಾದದ್ದು ಈ ಪ್ರೊಪೊಲಿಸ್. ವಿಚಿತ್ರವೆಂದರೆ ಇದರಲ್ಲಿ ಕೀಟದ ಪಾಲು ಕಡಿಮೆ. ಸಮಶೀತೋಷ್ಣ ದೇಶಗಳಲ್ಲಿ ಜೇನು ಇದನ್ನು ಮುಖ್ಯವಾಗಿ ಪಾಪ್ಲರ್ ಮರದ ಮೊಗ್ಗಿನಿಂದ ತರುತ್ತದೆ, ಮತ್ತು ಅಲರ್ಜಿ ಹುಟ್ಟಿಸುವ ಕೆಫಿಯೇಟ್ ಎಂಬ ಸಂಯುಕ್ತಗಳು ಆ ಮರದವು. ಹಾಗಾಗಿಯೇ ಪೆರು ಬಾಲ್ಸಮ್ ಎಂಬ ಸುಗಂಧ ರಾಳಕ್ಕೆ ಅಲರ್ಜಿ ಇರುವವರಲ್ಲಿ ಹಲವರಿಗೆ ಪ್ರೊಪೊಲಿಸ್ ಕೂಡ ಆಗದು. ಜೇನು ಸಾಕುವವರ ಕೈಯಲ್ಲಿ ಇದರಿಂದ ಏಳುವ ಇಸಬು (ಎಕ್ಸಿಮಾ) ಬಹಳ ಹಿಂದಿನಿಂದಲೂ ಪರಿಚಿತ. ಯುರೋಪಿನ ಚರ್ಮವೈದ್ಯರು ಎಲ್ಲ ಅಲರ್ಜಿ ರೋಗಿಗಳಿಗೂ ಮಾಡುವ ಮೂಲ ಪ್ಯಾಚ್ ಪರೀಕ್ಷೆಯ ಪಟ್ಟಿಗೆ 2019ರಲ್ಲಿ ಪ್ರೊಪೊಲಿಸ್ಸನ್ನೂ ಸೇರಿಸಿದರು ಎಂದರೆ ಅದರ ಬಳಕೆಯೂ ಅದರ ತೊಂದರೆಯೂ ಎಷ್ಟು ಹಬ್ಬಿರಬೇಕು ಎಂದು ಊಹಿಸಬಹುದು.

ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ನಿಜ. ಆದರೆ ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ಎಂಬ ಔಷಧಗಳಿಗಿರುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ, ಬೆಲೆ ಮಾತ್ರ ಅವುಗಳಿಗಿಂತ ಹೆಚ್ಚು. ಸೀರಮ್ಮನ್ನು ಇಂದೇ ನಿಲ್ಲಿಸಿ. ಬಸವನಹುಳು ಕೀಟವಲ್ಲ, ಅದು ಮೃದ್ವಂಗಿ. ಆದರೂ ಆ ಕ್ರೀಮನ್ನೂ ಸದ್ಯಕ್ಕೆ ಬದಿಗಿಡಿ, ಏಕೆಂದರೆ ಎರಡನ್ನೂ ಒಟ್ಟಿಗೆ ಹಚ್ಚಿದರೆ ತಪ್ಪು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಚರ್ಮ ಶಾಂತವಾದ ಮೇಲೆ ವೈದ್ಯರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿಕೊಳ್ಳಿ: ಬೆನ್ನಿಗೆ 48 ಗಂಟೆ ಪಟ್ಟಿ ಅಂಟಿಸಿ, ಅದನ್ನು ತೆಗೆದಾಗ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಮುಂದೆ ಯಾವುದೇ ಹೊಸ ಕ್ರೀಮು ತಂದರೂ, ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮೊಳಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಸಲ, ಕನಿಷ್ಠ ಒಂದು ವಾರ, ಸಾಧ್ಯವಾದರೆ ಎರಡು ವಾರ ಹಚ್ಚಿ ನೋಡಿ ಆಮೇಲೆ ಮುಖಕ್ಕೆ ತನ್ನಿ. ಒಂದು ಸಲ ಹಚ್ಚಿ ಒಂದು ರಾತ್ರಿ ಕಾಯುವ ಪರೀಕ್ಷೆ ನಿಮ್ಮ ವಿಷಯದಲ್ಲಿ ಏನನ್ನೂ ಹೇಳುತ್ತಿರಲಿಲ್ಲ.

ಪ್ರಶ್ನೆ: ನಮ್ಮದು ಗೂಡು ಬೇಯಿಸಿ ನೂಲು ಬಿಚ್ಚುವ ಮನೆತನ. ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಮನೆಯ ಹೆಂಗಸರ ಬೆರಳುಗಳೆಲ್ಲ ಬೆಳ್ಳಗಾಗಿ ಸುಲಿದಿವೆ. ಈಗ ಅದೇ ನೀರಿನಲ್ಲಿರುವ ಸೆರಿಸಿನ್ ಎಂಬ ಅಂಟಿನಿಂದ ಚರ್ಮ ನಯವಾಗುತ್ತದೆ, ಸುಕ್ಕು ಹೋಗುತ್ತದೆ ಎಂದು ಸೋಪು, ಕ್ರೀಮು ಮಾರುತ್ತಿದ್ದಾರೆ. ಇದನ್ನು ನಂಬುವುದು ಹೇಗೆ?
— ಒಬ್ಬ ಓದುಗರು, ರಾಮನಗರ

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಕಚ್ಚಾ ರೇಷ್ಮೆಯ ಎಳೆಯಲ್ಲಿ ಒಳಗೆ ಫೈಬ್ರಾಯಿನ್ ಎಂಬ ಗಟ್ಟಿ ನಾರು, ಹೊರಗೆ ಅದನ್ನು ಸುತ್ತಿದ ಸೆರಿಸಿನ್ ಎಂಬ ಅಂಟು ಇರುತ್ತವೆ. ತೂಕದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ನಾರು, ಒಂದು ಪಾಲು ಅಂಟು. ಗೂಡನ್ನು ಬೇಯಿಸುವುದು ಈ ಅಂಟು ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳಲಿ ಎಂದೇ, ಆಮೇಲೆ ಬಣ್ಣ ಹಾಕುವ ಮೊದಲು ಉಳಿದ ಅಂಟನ್ನೂ ಸೋಪು ಅಥವಾ ಸೋಡಾ ಹಾಕಿ ಕುದಿಸಿ ತೆಗೆಯುತ್ತಾರೆ. ತಲೆತಲಾಂತರದಿಂದ ಮೋರಿಗೆ ಹೋಗುತ್ತಿದ್ದುದು ಅದೇ ನೀರು.

ಸೆರಿಸಿನ್‌ನಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ, ಮೂರರಲ್ಲಿ ಒಂದು ಪಾಲಿನಷ್ಟು. ಅದು ನೀರನ್ನು ಹಿಡಿದಿಟ್ಟುಕೊಳ್ಳುವ ಸ್ವಭಾವದ್ದು, ಆದ್ದರಿಂದ ಕ್ರೀಮಿನಲ್ಲಿ ಸೆರಿಸಿನ್ ಇದ್ದರೆ ಚರ್ಮದ ಮೇಲೆ ತೇವದ ಒಂದು ತೆಳುಪದರ ಉಳಿಯುತ್ತದೆ, ಮುಟ್ಟಿದರೆ ನಯವೆನ್ನಿಸುತ್ತದೆ. ಅಷ್ಟು ಸತ್ಯ. ನಿಮ್ಮ ಮನೆಯ ಹೆಂಗಸರ ಕೈ ಸುಲಿಯುವುದಕ್ಕೆ ಕಾರಣ ಅಂಟಿನ ದೋಷವಲ್ಲ, ದಿನವಿಡೀ ಬಿಸಿನೀರಿನಲ್ಲಿ ಮುಳುಗಿರುವ ಚರ್ಮ ತನ್ನ ಸ್ವಂತ ಕೊಬ್ಬಿನ ಕವಚವನ್ನು ಕಳೆದುಕೊಳ್ಳುತ್ತದೆ. ಅಂಥ ಹಾನಿಯ ಮುಂದೆ ನೀರಿನಲ್ಲಿ ಕರಗಿದ ಚೂರು ಸೆರಿಸಿನ್ ಏನೂ ಮಾಡಲಾರದು. ಹೀಗಾಗಿ ನಿಮ್ಮ ಅನುಭವವೂ ನಿಜ, ಕ್ರೀಮಿನವರ ಮಾತಿನ ಮೊದಲರ್ಧವೂ ನಿಜ.

ಎರಡನೆಯ ಅರ್ಧ, ಎಂದರೆ ಸುಕ್ಕಿನ ಮಾತು, ನಿಲ್ಲುವುದಿಲ್ಲ. ಆರೋಗ್ಯವಂತ ಚರ್ಮವನ್ನು ದಾಟಿ ಒಳಹೋಗಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆಯಿರಬೇಕೆಂದು ಚರ್ಮಶಾಸ್ತ್ರದಲ್ಲಿ ಒಂದು ಸ್ಥೂಲ ಸೂತ್ರವಿದೆ. ಸೆರಿಸಿನ್ ಅಣುಗಳ ತೂಕ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ. ಒಡೆದು ಸಣ್ಣದಾಗಿಸಿದ ಹೈಡ್ರೊಲೈಸ್ಡ್ ಸಿಲ್ಕ್ ಕೂಡ ಬಹುಪಾಲು ಆ ಗೆರೆಯ ಮೇಲೆಯೇ ಉಳಿಯುತ್ತದೆ. ಸುಕ್ಕು ಹುಟ್ಟುವ ಆಳಕ್ಕೆ ಅದು ಇಳಿಯುವುದಿಲ್ಲ. ಸೋಪಿನಲ್ಲಂತೂ ಅದು ತೊಳೆದೇ ಹೋಗುತ್ತದೆ, ಸೋಪಿಗೆ ಕೊಟ್ಟ ಹೆಚ್ಚಿನ ದುಡ್ಡೂ ಅದರೊಂದಿಗೆ. ರೇಷ್ಮೆ ಬಟ್ಟೆಯ ಮಾತಿಗೂ ಇದೇ ಗತಿ: ಇಸಬು ಇರುವ 300 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸೆರಿಸಿನ್ ತೆಗೆದ ರೇಷ್ಮೆಯ ವಿಶೇಷ ಉಡುಪಿನಿಂದ ಇಸಬಿನ ತೀವ್ರತೆ ತಗ್ಗಲಿಲ್ಲ.

ಸುರಕ್ಷತೆಯ ಮಟ್ಟಿಗೆ ಹೇಳುವುದಾದರೆ ಚರ್ಮಕ್ಕೆ ಹಚ್ಚುವ ರೇಷ್ಮೆ ಪ್ರೋಟೀನಿನಿಂದ ತೊಂದರೆ ವಿರಳ. ಉಸಿರಿನಲ್ಲಿ ಹೋದಾಗ ಕಥೆ ಬೇರೆ. ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವವರಿಗೆ ರೇಷ್ಮೆಯ ಮತ್ತು ಹುಳುವಿನ ಪ್ರೋಟೀನಿನಿಂದ ಅಸ್ತಮಾ ಬರುತ್ತದೆ ಎಂಬುದು 1980ರ ದಶಕದಿಂದಲೇ ವೈದ್ಯಕೀಯ ದಾಖಲೆಯಲ್ಲಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಲಸದ ದಿನಗಳಲ್ಲಿ ಎದೆ ಬಿಗಿದು, ರಜೆಯಲ್ಲಿ ಸಡಿಲವಾಗುವ ಅನುಭವವಿದ್ದರೆ ಅದನ್ನು ಹೊಗೆಯ ದೋಷವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಿ. ಅಂಥವರು ರೇಷ್ಮೆ ಪುಡಿ ಬೆರೆತ ಮುಖದ ಪೌಡರಿನಿಂದ ದೂರವಿರುವುದು ಕ್ಷೇಮ. ಕೈಗಳಿಗಾದರೆ ಕೆಲಸ ಮುಗಿದ ಕೂಡಲೇ ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನಿಮ್ಮ ತೊಟ್ಟಿಯ ಅಂಟನ್ನೇ ಡಬ್ಬಿಯಲ್ಲಿ ಕೊಂಡು ತರುವ ಅಗತ್ಯವಿಲ್ಲ.

ಪ್ರಶ್ನೆ: ಸುಟ್ಟ ಗಾಯಕ್ಕೂ ಮೊಡವೆಗೂ ಜೇನುತುಪ್ಪ ಹಚ್ಚಬಹುದೇ? ನಮ್ಮ ಮನೆಯಲ್ಲಿ ಎರಡಕ್ಕೂ ಅದನ್ನೇ ಹಚ್ಚುತ್ತಾರೆ.
— ಒಬ್ಬ ವಿದ್ಯಾರ್ಥಿನಿ, ಮೈಸೂರು

ಉತ್ತರ: ಜೇನುತುಪ್ಪ ಹುಳಿ ಸ್ವಭಾವದ್ದು, ಅದರಲ್ಲಿ ನೀರು ಕಡಿಮೆ, ಗಾಯದ ಪಸೆಯೊಂದಿಗೆ ಬೆರೆತಾಗ ಅದರಲ್ಲಿರುವ ಕಿಣ್ವದಿಂದ ಸ್ವಲ್ಪ ಸ್ವಲ್ಪವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಈ ಮೂರು ಗುಣಗಳೂ ಕ್ರಿಮಿಗಳಿಗೆ ಆಗವು. ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಜಾಲದ 2015ರ ಪರಿಶೀಲನೆ 26 ಪರೀಕ್ಷೆಗಳನ್ನು ಒಟ್ಟುಮಾಡಿ ನೋಡಿ, ಚರ್ಮದ ಪೂರ್ತಿ ಆಳಕ್ಕೆ ಇಳಿಯದ ಸುಟ್ಟಗಾಯಗಳು ಜೇನಿನ ಪಟ್ಟಿಯಿಂದ ಸಾಮಾನ್ಯ ಪಟ್ಟಿಗಿಂತ ನಾಲ್ಕೈದು ದಿನ ಬೇಗ ಮಾಗುತ್ತವೆ ಎಂದು ಕಂಡಿತು. ಆದರೆ ಆಸ್ಪತ್ರೆಯಲ್ಲಿ ಬಳಸುವ ವೈದ್ಯಕೀಯ ದರ್ಜೆಯ ಜೇನನ್ನು ಗಾಮಾ ಕಿರಣದಿಂದ ಶುದ್ಧಿಮಾಡಿರುತ್ತಾರೆ. ಅಡುಗೆಮನೆಯ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು, ಸಕ್ಕರೆ ಪಾಕವೂ ಬೆರೆತಿರಬಹುದು. ಸುಟ್ಟ ಕೂಡಲೇ ಮಾಡಬೇಕಾದದ್ದು ಒಂದೇ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಜೇನು, ಟೂತ್‌ಪೇಸ್ಟು, ಶಾಯಿ ಯಾವುದೂ ಬೇಡ.

ಮೊಡವೆಯ ಉತ್ತರ ಇನ್ನೂ ಚಿಕ್ಕದು. ನ್ಯೂಜಿಲೆಂಡಿನಲ್ಲಿ 136 ಜನರ ಮೇಲೆ ಅಲ್ಲಿನ ಕಾನುಕಾ ಗಿಡದ ಹೂವಿನಿಂದ ಬರುವ, ವೈದ್ಯಕೀಯ ದರ್ಜೆಯ ಜೇನನ್ನೇ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ರಿಮಿನಾಶಕ ಸೋಪಿನ ಜೊತೆಗೆ ಜೇನನ್ನು ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮುಖಕ್ಕೆ ಜೇನು ಹಚ್ಚಿ ತೊಳೆದರೆ ಸಕ್ಕರೆ ಅಂಶ ಹಿಡಿದಿಟ್ಟ ತೇವದಿಂದ ಸ್ವಲ್ಪ ಹೊತ್ತು ಹೊಳಪು ಇರುತ್ತದೆ, ಅಷ್ಟಕ್ಕೆ ಸಂತೋಷಪಡುವುದಾದರೆ ನನ್ನ ಅಡ್ಡಿಯಿಲ್ಲ. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಮಾತ್ರ ಜೇನು ಸೋಕಬಾರದು, ತುಟಿಗೆ ಹಚ್ಚುವ ನೆಪದಲ್ಲಿಯೂ ಕೂಡ.

ಪ್ರಶ್ನೆ: ಇಲ್ಲಿನ ಬ್ಯೂಟಿ ಪಾರ್ಲರಿನಲ್ಲಿ ಜೇನುನೊಣದ ವಿಷದ ಮಾಸ್ಕ್ ಹಾಕುತ್ತಾರೆ. ಸೂಜಿಯಿಲ್ಲದ ಬೊಟಾಕ್ಸ್ ಎನ್ನುತ್ತಾರೆ. ಚಿಕ್ಕವಳಿದ್ದಾಗ ಊರಿನಲ್ಲಿ ಹೆಜ್ಜೇನು ಕಡಿದು ನಾನು ಪ್ರಜ್ಞೆ ತಪ್ಪಿ ಬಿದ್ದಿದ್ದೆನಂತೆ, ಅಮ್ಮ ಹೇಳುತ್ತಾರೆ. ಮಾಸ್ಕ್ ಹಾಕಿಸಿಕೊಳ್ಳಬಹುದೇ?
— ಕಾಪು ಮೂಲದ ಓದುಗರು, ದುಬೈ

ಉತ್ತರ: ಬೇಡ. ನಿಮ್ಮ ಪತ್ರದ ಕೊನೆಯ ಸಾಲು ನನ್ನ ಉತ್ತರವನ್ನು ತೀರ್ಮಾನಿಸಿಬಿಟ್ಟಿದೆ. ಇಲ್ಲಿ ಅಲರ್ಜಿ ತರುವ ಪ್ರೋಟೀನು ಎಲ್ಲಿಯೋ ಉಳಿದುಹೋದ ಕಲ್ಮಷವಲ್ಲ, ಕೊಂಡು ತಂದ ಸರಕೇ ಅದು. ಒಣಗಿಸಿದ ವಿಷದ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ ಸಣ್ಣ ಪ್ರೋಟೀನು. ಹತ್ತರಲ್ಲೊಂದು ಭಾಗದಷ್ಟಿರುವ ಫಾಸ್ಫೊಲೈಪೇಸ್ ಎಂಬ ಕಿಣ್ವ ಅಲರ್ಜಿಯ ಮುಖ್ಯ ಆರೋಪಿ. ಪೆಟ್ಟಿಗೆಯ ಬಾಗಿಲಿಗೆ ಗಾಜಿನ ಹಲಗೆಯನ್ನಿಟ್ಟು ಸೌಮ್ಯವಾದ ವಿದ್ಯುತ್ತು ಹಾಯಿಸಿದಾಗ ನೊಣಗಳು ಗಾಜನ್ನು ಕುಟುಕುತ್ತವೆ, ಒಣಗಿದ ವಿಷವನ್ನು ಕೆರೆದು ತೆಗೆಯುತ್ತಾರೆ.

ಬೊಟಾಕ್ಸಿನ ಹೋಲಿಕೆ ಬರಿ ಮಾತಿನದು. ಬೊಟಾಕ್ಸ್ ಚುಚ್ಚಿದ ಸ್ನಾಯುವಿಗೆ ನರದ ಸಂದೇಶ ತಲುಪದಂತೆ ತಡೆಯುತ್ತದೆ. ನೊಣದ ವಿಷ ಚರ್ಮವನ್ನು ಸ್ವಲ್ಪ ಕೆರಳಿಸಿ ಕೆಂಪೇರಿಸುತ್ತದೆ, ಆ ಸಣ್ಣ ಊತದಲ್ಲಿ ನಿರಿಗೆ ಕೆಲವು ಗಂಟೆ ಮರೆಯಾದಂತೆ ಕಾಣಬಹುದು. ಸುಕ್ಕಿನ ಮೇಲೆ ನಡೆದಿರುವ ಪರೀಕ್ಷೆಗಳು ತೀರ ಚಿಕ್ಕವು. ಇಷ್ಟು ಲಾಭಕ್ಕೆ ನೀವು ಒಡ್ಡಿಕೊಳ್ಳುವ ಅಪಾಯ ಮಾತ್ರ ಚಿಕ್ಕದಲ್ಲ. ಮಾಸ್ಕಿನಲ್ಲಿರುವ ವಿಷದ ಪ್ರಮಾಣ ಕುಟುಕಿನಷ್ಟಿರದು, ನಿಜ. ಆದರೆ ಮೊಡವೆ ಒಡೆದ, ಉಜ್ಜಿ ತೊಳೆದ ಅಥವಾ ವ್ಯಾಕ್ಸ್ ಮಾಡಿದ ಚರ್ಮ ಪೂರ್ತಿ ಮುಚ್ಚಿದ ಚರ್ಮವಲ್ಲ. ಜೀವಂತ ನೊಣದಿಂದ ಕುಟುಕಿಸಿಕೊಳ್ಳುವ ಚಿಕಿತ್ಸೆಯನ್ನು ಎರಡು ವರ್ಷ ತೊಂದರೆಯಿಲ್ಲದೆ ಪಡೆದಿದ್ದ ಸ್ಪೇನಿನ 55 ವರ್ಷದ ಮಹಿಳೆಯೊಬ್ಬರು ಒಂದು ಸಲದ ಕುಟುಕಿನಿಂದ ಪ್ರಜ್ಞೆ ಕಳೆದುಕೊಂಡು ಆಮೇಲೆ ತೀರಿಕೊಂಡ ಪ್ರಕರಣ 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹಿಂದೆ ಏನೂ ಆಗಿರಲಿಲ್ಲ ಎನ್ನುವವರ ಕಥೆಯೇ ಹೀಗಿರುವಾಗ, ಒಮ್ಮೆ ಪ್ರಜ್ಞೆ ತಪ್ಪಿದವರು ಮನೆಯಲ್ಲಿ ಮೊಳಕೈಗೆ ಹಚ್ಚಿ ನೋಡುವ ಪರೀಕ್ಷೆಯನ್ನೂ ಮಾಡಬಾರದು. ಅಲರ್ಜಿ ತಜ್ಞರನ್ನು ಒಮ್ಮೆ ಕಾಣಿ. ಊರಿಗೆ ಬಂದಾಗ ಮತ್ತೆ ಕಡಿದರೆ ಬೇಕಾಗುವ ಅಡ್ರಿನಲಿನ್ ಚುಚ್ಚುಮದ್ದನ್ನು ಬಳಿಯಲ್ಲಿಟ್ಟುಕೊಳ್ಳಬೇಕೇ ಎಂಬುದನ್ನೂ ಅವರೇ ಹೇಳುತ್ತಾರೆ. ರಾಣಿಜೇನಿಗೆ ಉಣಿಸುವ ರಾಯಲ್ ಜೆಲ್ಲಿ ಎಂಬ ರಸದ ಮಾತ್ರೆ, ಸಿರಪ್ಪುಗಳೂ ಅಸ್ತಮಾ ಮತ್ತು ಅಲರ್ಜಿ ಇರುವವರಿಗೆ ಪ್ರಾಣಾಪಾಯ ತಂದ ಉದಾಹರಣೆಗಳಿವೆ, ಆಸ್ಟ್ರೇಲಿಯಾದಲ್ಲಿ ಅವುಗಳ ಮೇಲೆ ಎಚ್ಚರಿಕೆಯ ಸಾಲು ಕಡ್ಡಾಯ.

ಪ್ರಶ್ನೆ: ನಾವು ಗೊಂಬೆಗಳಿಗೆ ಹಚ್ಚುವ ಅರಗೇ ಉಗುರು ಬಣ್ಣದಲ್ಲಿಯೂ ಇರುತ್ತದೆಯೇ? ಶೆಲಾಕ್ ಎಂಬ ಜೆಲ್ ಬಣ್ಣ ಹಾಕಿಸಿದ ಮೇಲೆ ನನ್ನ ತಂಗಿಯ ಉಗುರಿನ ಸುತ್ತ ಗುಳ್ಳೆ ಎದ್ದಿದೆ.
— ಒಬ್ಬ ಓದುಗರು, ಚನ್ನಪಟ್ಟಣ

ಉತ್ತರ: ಅರಗಿನ ಹುಳು ಮರದ ಕೊಂಬೆಯ ಮೇಲೆ ಸ್ರವಿಸುವ ರಾಳವನ್ನು ಶುದ್ಧಿಮಾಡಿದರೆ ಬರುವುದೇ ಶೆಲಾಕ್. ಅದರ ಕೆಂಪು ರಸವನ್ನು ಹಿಂದೆ ಹೆಂಗಸರು ಅಲತಿಗೆಯಾಗಿ ಪಾದಕ್ಕೆ ಹಚ್ಚುತ್ತಿದ್ದರು. ರಾಳ ಇಂದಿಗೂ ಮಸ್ಕಾರಾ, ಹೇರ್ ಸ್ಪ್ರೇ ಮತ್ತು ಕೆಲವು ಉಗುರು ಬಣ್ಣಗಳಲ್ಲಿ ಬಳಕೆಯಾಗುತ್ತದೆ. ರೆಪ್ಪೆ ಮತ್ತು ತುಟಿಯಲ್ಲಿ ಅದರಿಂದ ಅಲರ್ಜಿಯಾದ ವರದಿಗಳಿವೆ, ಆದರೆ ಅವು ಹೆಚ್ಚಲ್ಲ. ನಿಮ್ಮ ತಂಗಿಯ ಗುಳ್ಳೆಗೆ ಅರಗಿನ ಹುಳುವನ್ನು ದೂರುವುದು ಅನ್ಯಾಯ. ಸಲೂನುಗಳಲ್ಲಿ ಶೆಲಾಕ್ ಎಂಬ ಹೆಸರಿನಲ್ಲಿ ಹಚ್ಚಿ ನೀಲಿ ದೀಪದ ಕೆಳಗೆ ಗಟ್ಟಿಮಾಡುವ ಜೆಲ್ ಬಣ್ಣಕ್ಕೂ ಅರಗಿಗೂ ಸಂಬಂಧವಿಲ್ಲ, ಅದು ಬರಿ ವ್ಯಾಪಾರದ ಹೆಸರು. ಅದರಲ್ಲಿರುವುದು ಅಕ್ರಿಲೇಟ್ ಎಂಬ ಕೃತಕ ರಾಸಾಯನಿಕ, ಉಗುರಿನ ಸುತ್ತ ಇಸಬು ಹುಟ್ಟಿಸುವುದರಲ್ಲಿ ಅದು ಹೆಸರುವಾಸಿ. ಈ ಅಲರ್ಜಿ ಒಮ್ಮೆ ಬಂದರೆ ಹೋಗುವುದು ಕಷ್ಟ, ಮತ್ತು ಹಲ್ಲು ತುಂಬಿಸುವ ವಸ್ತುವಿನಲ್ಲಿಯೂ ಕೀಲು ಬದಲಿಸುವಾಗ ಹಾಕುವ ಮೂಳೆಯ ಸಿಮೆಂಟಿನಲ್ಲಿಯೂ ಇದೇ ಕುಟುಂಬದ ಪದಾರ್ಥಗಳಿವೆ. ಬಣ್ಣವನ್ನು ತೆಗೆಸಿ, ಪ್ಯಾಚ್ ಪರೀಕ್ಷೆ ಮಾಡಿಸಿ, ಫಲಿತಾಂಶದ ಚೀಟಿಯನ್ನು ಮುಂದೆ ಹಲ್ಲಿನ ವೈದ್ಯರಿಗೆ ತೋರಿಸಲು ಜೋಪಾನವಾಗಿಟ್ಟುಕೊಳ್ಳಲು ಹೇಳಿ.